ಕಾಶಿಯ ದಾಂಡು, ದೇಶದ ತಂಡ
(ನಮ್ಮ ಸಂಘದ ರಾತ್ರಿಶಾಲೆಯ ಕ್ರೀಡಾ ವಿಭಾಗದ ಬಹುಮಾನ ವಿತರಣೆಯ ದಿನ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)

ಹೊಟೆಲಿನ ಒಲೆಯ ಬುಡದಿಂದ ನೇರವಾಗಿ ಇಲ್ಲಿಗೆ ಬಂದಿರುವ ತಮ್ಮಂದಿರೇ, ಗಿರಣಿಯ ಸಾಂಚೆಯ ಮುಂದೆ ಆಯುಷ್ಯ ಸವೆಸಿದ ಅಣ್ಣಂದಿರೇ,

ಕಾರ್ಯದರ್ಶಿಗಳು ಮೊನ್ನೆ ನನ್ನ ಬಳಿಗೆ ಬಂದು, 'ನಮ್ಮ ಹುಡುಗರಿಗೆ ಏಳು ಜನರ ರಗ್ಬಿ ಆಟದ ವಿಷಯ ನಾಲ್ಕು ಮಾತು ಹೇಳಿ' ಎಂದರು. ಬಾಂಬೇ ಜಿಮಖಾನಾ ಮೈದಾನದ ಬೇಲಿಯ ಹೊರಗೆ ನಿಂತು ಆ ಆಟ ನೋಡಿದ ಕೆಲವು ಹುಡುಗರಿಗೆ ಅದರ ಹುಚ್ಚು ಹತ್ತಿದೆಯಂತೆ. ಸಂತೋಷ. ಆದರೆ ನಾನು ಅದರ ಪಂಡಿತನಲ್ಲ. ನನಗೆ ಗೊತ್ತಿರುವುದು ಇಷ್ಟೇ: ಒಂದೊಂದು ಪಕ್ಷಕ್ಕೆ ಏಳು ಜನ, ಏಳು ಏಳು ನಿಮಿಷದ ಎರಡು ಅರ್ಧ, ಗಿರಾಕಿ ಚಹಾ ಕುಡಿದು ಬಿಲ್ಲು ಕೊಡುವುದರೊಳಗೆ ಪಂದ್ಯ ಮುಗಿದಿರುತ್ತದೆ. 2016ರಲ್ಲಿ ರಿಯೋ ನಗರದಲ್ಲಿ ಇದು ಮೊದಲ ಬಾರಿಗೆ ಒಲಿಂಪಿಕ್ ಕೂಟಕ್ಕೆ ಬಂತು. ಆಗ ಸ್ವರ್ಣಪದಕ ಗೆದ್ದವರಾರು? ಫಿಜಿ ಎಂಬ ಪುಟ್ಟ ದ್ವೀಪದೇಶದವರು. ನಮ್ಮ ಮುಂಬಯಿಯ ಒಂದು ವಾರ್ಡಿನಲ್ಲಿ ತುಂಬುವಷ್ಟು ಜನರ ದೇಶ ಎಂದರೆ ತುಸು ಅತಿಶಯೋಕ್ತಿಯಾದೀತು, ಬಹಳವಾಗದು. ಬ್ರಿಟನ್ನಿನ ತಂಡವನ್ನು ಅಂತಿಮ ಪಂದ್ಯದಲ್ಲಿ 43-7ರಿಂದ ಸೋಲಿಸಿದರು. ಆ ದೇಶಕ್ಕೆ ಅದುವರೆಗೆ ಒಲಿಂಪಿಕ್ಕಿನಲ್ಲಿ ಒಂದು ಕಂಚು ಕೂಡ ಸಿಕ್ಕಿರಲಿಲ್ಲ. ಟೋಕಿಯೋದಲ್ಲಿ ಮತ್ತೆ ಗೆದ್ದರು. 2024ರಲ್ಲಿ ಪ್ಯಾರಿಸಿನಲ್ಲಿ ಫ್ರಾನ್ಸಿಗೆ ಸೋತು ಬೆಳ್ಳಿಗೆ ಇಳಿದರು. ನಮ್ಮ ದೇಶದ ರಗ್ಬಿ ತಂಡವೂ ಇದೆ, 2010ರ ದಿಲ್ಲಿಯ ಕಾಮನ್‌ವೆಲ್ತ್ ಕೂಟದಲ್ಲಿ ಆಡಿತು. ಆದರೆ ಒಲಿಂಪಿಕ್ಕಿನ ಬಾಗಿಲು ಇನ್ನೂ ತೆರೆದಿಲ್ಲ.

ರಗ್ಬಿಯ ವಿಷಯ ಇಷ್ಟಕ್ಕೆ ಬಿಡುತ್ತೇನೆ. ಗೊತ್ತಿಲ್ಲದ ಪದಾರ್ಥಕ್ಕೆ ಉಪ್ಪು ಹಾಕಲು ಹೋಗಬಾರದೆಂದು ನನಗೆ ಮೊದಲ ಭಟ್ಟರು ಹೇಳಿಕೊಟ್ಟಿದ್ದಾರೆ. ಒಂದು ದೇಶದ ತಂಡ ಹೇಗೆ ಏಳುತ್ತದೆ, ಹೇಗೆ ಬೀಳುತ್ತದೆ, ಯಾರ ಬೆವರಿನಿಂದ ಮತ್ತೆ ಏಳುತ್ತದೆ ಎಂಬುದನ್ನು ನಾನು ನೋಡಿರುವುದು ಹಾಕಿಯಲ್ಲಿ. ಅದನ್ನೇ ಹೇಳುತ್ತೇನೆ. ಅದರಲ್ಲಿಯೂ ಕಾಶಿಯ ಮೂಲಕ ಹೇಳುತ್ತೇನೆ. ಕಾರಣವಿದೆ.

ಕಳೆದ ವರ್ಷ ತಾಯಿಯ ಅಸ್ಥಿಯನ್ನು ಗಂಗೆಗೆ ಬಿಡಲು ಕಾಶಿಗೆ ಹೋಗಿದ್ದೆ. ಜಂಗಮವಾಡಿ ಮಠದ ಓಣಿಯಲ್ಲಿ ಕನ್ನಡ ಕೇಳಿಸಿತು, ಮನಸ್ಸು ತಂಪಾಯಿತು. ಕರ್ಮವೆಲ್ಲ ಮುಗಿದ ಮರುದಿನ ರಿಕ್ಷಾದವನಿಗೆ 'ವರುಣಾ ಹೊಳೆಯ ಆಚೆ, ಅರ್ದಲಿ ಬಜಾರಿಗೆ ಬಿಡಪ್ಪಾ' ಎಂದೆ. ಅವನು ನನ್ನ ಬೋಳಿಸಿದ ತಲೆ ನೋಡಿ, 'ಅಲ್ಲಿ ಯಾವ ದೇವಸ್ಥಾನಕ್ಕೆ ಬಾಬೂಜೀ?' ಎಂದು ಕೇಳಿದ. ಯಾತ್ರಿಕರು ಘಟ್ಟದಿಂದ ಘಟ್ಟಕ್ಕೆ ಸುತ್ತುತ್ತಾರೆ, ಹೊಳೆ ದಾಟಿ ಆ ಕಡೆ ಹೋಗುವವರು ಕಡಿಮೆ. 'ಮೊಹಮ್ಮದ್ ಶಾಹಿದ್ ಹುಟ್ಟಿದ ಕೇರಿ ನೋಡಬೇಕು' ಎಂದೆ. ಅವನ ಮುಖ ಅರಳಿತು. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಅವನದೇ ಮಾತು.

ಇಲ್ಲಿರುವ ಕಿರಿಯರಿಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ. ನನಗೂ ಅವರಿಗೂ ಒಂದೇ ವರ್ಷದ ಅಂತರ. ಅವರು ಹುಟ್ಟಿದ್ದು 1960ರ ಏಪ್ರಿಲ್ 14ರಂದು. ಇಪ್ಪತ್ತನೆಯ ವಯಸ್ಸಿನಲ್ಲಿ ಅವರು ಮಾಸ್ಕೋ ಒಲಿಂಪಿಕ್ಕಿನಲ್ಲಿ ಆಡುತ್ತಿದ್ದರು. ನಾನು ಪರಳದ ಒಂದು ಗಿರಣಿಯ ಗೇಟಿನ ಮುಂದೆ ಬದಲಿ ಕೆಲಸಕ್ಕೆ ಸರತಿ ನಿಂತಿದ್ದೆ.

ಮಾಸ್ಕೋದ ಮಾತಿಗೆ ಮೊದಲು ಹಿಂದಿನ ಲೆಕ್ಕ ತುಸು ಹೇಳಬೇಕು. ನಮ್ಮ ತಂಡ ಮೊದಲ ಸಲ ಒಲಿಂಪಿಕ್ಕಿಗೆ ಹೋದದ್ದು 1928ರಲ್ಲಿ, ಆಂಸ್ಟರ್‌ಡಾಮಿಗೆ. ಜೈಪಾಲ್ ಸಿಂಗ್ ನಾಯಕರು. ಐದು ಪಂದ್ಯ, ಇಪ್ಪತ್ತೊಂಬತ್ತು ಗೋಲು, ನಮ್ಮ ಮೇಲೆ ಒಂದೂ ಇಲ್ಲ. ಮುಂದೆ 1932, 1936, ಧ್ಯಾನಚಂದರ ಕಾಲ. ಬರ್ಲಿನ್ನಿನಲ್ಲಿ ಜರ್ಮನಿಗೆ 8-1. ಆಗ ನಾವು ಗೆದ್ದರೂ ಬಾವುಟ ಬೇರೆಯವರದು. 1948ರಲ್ಲಿ ಲಂಡನ್ನಿನಲ್ಲಿ, ಸ್ವಾತಂತ್ರ್ಯ ಬಂದು ವರ್ಷ ತುಂಬುವುದಕ್ಕೆ ಮೂರು ದಿನ ಇರುವಾಗ, ನಮ್ಮನ್ನಾಳಿದವರನ್ನೇ ಅವರ ಊರಿನಲ್ಲಿ 4-0ಯಿಂದ ಸೋಲಿಸಿ ನಮ್ಮ ಬಾವುಟ ಏರಿಸಿದೆವು. ನನ್ನ ತಂದೆ ಆಗ ಗಿರಗಾಂವದ ಒಂದು ಹೊಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದ ಹುಡುಗ. ಆ ದಿನ ಮಾಲಿಕರು ಎಲ್ಲರಿಗೂ ಒಂದೊಂದು ಜಿಲೇಬಿ ಕೊಟ್ಟರೆಂದು ಸಾಯುವವರೆಗೂ ಹೇಳುತ್ತಿದ್ದರು. ಸ್ಕೋರು ನೆನಪಿರಲಿಲ್ಲ, ಜಿಲೇಬಿ ನೆನಪಿತ್ತು.

1952 ಹೆಲ್ಸಿಂಕಿ, 1956 ಮೆಲ್ಬೋರ್ನ್. ಅಲ್ಲಿಗೆ ಸತತ ಆರು ಚಿನ್ನ. 1960ರಲ್ಲಿ ರೋಮಿನಲ್ಲಿ ಪಾಕಿಸ್ತಾನಕ್ಕೆ ಒಂದೇ ಗೋಲಿನಿಂದ ಸೋತೆವು. 1964ರಲ್ಲಿ ಟೋಕಿಯೋದಲ್ಲಿ ಅದೇ ಒಂದು ಗೋಲನ್ನು ಹಿಂದಿರುಗಿಸಿದೆವು. ಆಮೇಲೆ ಎರಡು ಕಂಚು. ಮ್ಯೂನಿಕ್ಕಿನ 1972ರ ಕಂಚಿನ ತಂಡದಲ್ಲಿ ನಮ್ಮ ಕೊಡಗಿನ ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ ಇದ್ದರು. 1975ರಲ್ಲಿ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದೆವು. ಅದರ ಮರುವರ್ಷವೇ, 1976ರಲ್ಲಿ, ಮಾಂಟ್ರಿಯಲ್ಲಿನಲ್ಲಿ ಏಳನೆಯ ಸ್ಥಾನ!

ಏನಾಯಿತು? ಹುಲ್ಲು ಹೋಗಿ ಕೃತಕ ಹಾಸು ಬಂತು. ಮಾಂಟ್ರಿಯಲ್ಲಿನದು ಅಂಥ ಹಾಸಿನ ಮೇಲೆ ಆಡಿದ ಮೊದಲ ಒಲಿಂಪಿಕ್ ಹಾಕಿ. ನಮ್ಮ ಹುಡುಗರು ಕಲಿತದ್ದು ಮಣ್ಣಿನಲ್ಲಿ, ಕಲ್ಲಿನಲ್ಲಿ, ಮಳೆ ಬಿದ್ದರೆ ಕೆಸರಿನಲ್ಲಿ. ಅಲ್ಲಿ ಚೆಂಡು ನೆಗೆಯುತ್ತದೆ, ತಡೆಯುತ್ತದೆ, ಎಲ್ಲಿ ಹೋದೀತೆಂದು ಹೇಳಲಾಗದು. ಅದನ್ನು ದಾಂಡಿನ ತುದಿಗೆ ಅಂಟಿಸಿಕೊಂಡು ಹೋಗುವುದೇ ವಿದ್ಯೆ. ಹಾಸಿನ ಮೇಲೆ ಚೆಂಡು ಎಣ್ಣೆ ಕಾವಲಿಯ ಮೇಲಿನ ನೀರಿನ ಹನಿಯಂತೆ ಓಡುತ್ತದೆ. ಅಲ್ಲಿ ಓಟ ಬೇಕು, ದಮ್ಮು ಬೇಕು, ದೂರದಿಂದ ಬಲವಾಗಿ ಹೊಡೆಯುವ ತೋಳು ಬೇಕು. ನಮ್ಮ ಗಿರಣಿಯ ಅಣ್ಣಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಮಗ್ಗದ ಜಾಣ ನೇಕಾರನನ್ನು ಒಂದು ಬೆಳಿಗ್ಗೆ ತಂದು ಹೊಸ ಯಂತ್ರದ ಮುಂದೆ ನಿಲ್ಲಿಸಿ, 'ನಡೆಸು' ಎಂದ ಹಾಗೆ.

ಆದರೆ ಎಲ್ಲ ತಪ್ಪನ್ನೂ ಹಾಸಿನ ತಲೆಗೆ ಕಟ್ಟುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಂತ್ರ ಬಂದದ್ದು ಎಲ್ಲರಿಗೂ. ಹಾಲೆಂಡಿನವರು, ಜರ್ಮನಿಯವರು, ಆಸ್ಟ್ರೇಲಿಯದವರು ಊರೂರಿಗೆ ಹಾಸು ಹಾಸಿ ಮಕ್ಕಳನ್ನು ಅದರ ಮೇಲೆಯೇ ಬೆಳೆಸಿದರು. ನಮ್ಮಲ್ಲಿ ದಿಲ್ಲಿಯಂಥ ದೊಡ್ಡ ಊರುಗಳಲ್ಲಿ ಒಂದೋ ಎರಡೋ ಬಂದವು. ಹಳ್ಳಿಯ ಹುಡುಗ ಹಾಸನ್ನು ಮೊದಲು ಕಾಣುತ್ತಿದ್ದುದು ಶಿಬಿರಕ್ಕೆ ಆಯ್ಕೆಯಾದ ಮೇಲೆ. ಆಡಳಿತದವರ ಜಗಳ, ಆಯ್ಕೆಯ ಗೊಂದಲ ಬೇರೆ.

ಈ ಬೀಳುಗಾಲದಲ್ಲಿ ಬಂದವರು ಶಾಹಿದ್. ಮಾಸ್ಕೋಗೆ ಹೋದ 1980ರ ತಂಡಕ್ಕೆ ವಿ. ಭಾಸ್ಕರನ್ ನಾಯಕರು, ನಮ್ಮ ಕೊಡಗಿನ ಎಂ. ಎಂ. ಸೋಮಯ್ಯ ಇದ್ದರು, ನಮ್ಮ ಮುಂಬಯಿಯ ಮರ್ವಿನ್ ಫರ್ನಾಂಡಿಸ್ ಇದ್ದರು. ಸತ್ಯ ಹೇಳಬೇಕು: ಬಹಿಷ್ಕಾರದ ದೆಸೆಯಿಂದ ಪಾಕಿಸ್ತಾನ, ಪಶ್ಚಿಮ ಜರ್ಮನಿ, ಹಾಲೆಂಡ್, ಆಸ್ಟ್ರೇಲಿಯ ಯಾವುವೂ ಬಂದಿರಲಿಲ್ಲ. ಆಡಿದ್ದು ಆರೇ ತಂಡ. ಟಾಂಜಾನಿಯಕ್ಕೆ ಹದಿನೆಂಟು ಗೋಲು ಹೊಡೆದೆವು. ಪೋಲೆಂಡಿನೊಡನೆ ಸಮ ಮಾಡಿಕೊಂಡು ಬೆವರೊರೆಸಿಕೊಂಡೆವು. ಅಂತಿಮ ಪಂದ್ಯ ಜುಲೈ 29ರಂದು, ಸ್ಪೇನಿನ ಮೇಲೆ. ಆ ಸಂಜೆ ನಮ್ಮ ಚಾಳಿನ ಒಂದು ರೇಡಿಯೋದ ಸುತ್ತ ನಲವತ್ತು ಜನ. ಸುರಿಂದರ್ ಸಿಂಗ್ ಸೋಧಿ ಎರಡು ಗೋಲು, ಕೌಶಿಕ್ ಒಂದು. ಗೆದ್ದೆವೆಂದು ಬೀಡಿ ಹಚ್ಚಿದೆವು. ಅಷ್ಟರಲ್ಲಿ ಸ್ಪೇನಿನ ಅಮಾಟ್ ಎಂಬಾತ ಗೋಲಿನ ಮೇಲೆ ಗೋಲು ಹೊಡೆಯತೊಡಗಿದ. ಅವನದು ಒಟ್ಟು ಮೂರು. ನಡುವೆ ಶಾಹಿದರ ಒಂದು ಗೋಲು ನಮ್ಮ ಲೆಕ್ಕಕ್ಕೆ ನಾಲ್ಕನೆಯದಾಗಿ ಬಂತಲ್ಲ, ಅದೇ ಕಡೆಗೆ ಉಳಿದ ಅಂತರ. 4-3.

ಅದು ನಮ್ಮ ಎಂಟನೆಯ ಚಿನ್ನ. ಈವರೆಗೆ ಒಂಬತ್ತನೆಯದು ಬಂದಿಲ್ಲ.

ಶಾಹಿದರ ಆಟ ಹೇಗಿತ್ತೆಂದು ಮಾತಿನಲ್ಲಿ ಹೇಳುವುದು ಕಷ್ಟ. ಪೊರೋಟಾ ಮಾಡುವವನ ಕೈ ನೋಡಿದ್ದೀರಲ್ಲ, ಹಿಟ್ಟು ಎಲ್ಲಿದೆ, ಕೈ ಎಲ್ಲಿದೆ ತಿಳಿಯುವುದಿಲ್ಲ, ಹಾಗೆ. ಎದುರಾಳಿಯ ಮುಂದೆ ನಿಂತೇ ಬಿಡುವುದು, ದಾಂಡಿನಿಂದ ಚೆಂಡನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುವುದು, ಅವನು ತೂಕ ತಪ್ಪಿದ ಕ್ಷಣ ಪಕ್ಕದಿಂದ ಹೋಗಿಬಿಡುವುದು. ಎಡದ ಅಂಚಿನಲ್ಲಿ ಓಡುವ ಜಫರ್ ಇಕ್ಬಾಲರಿಗೂ ಅವರಿಗೂ ಕಣ್ಣಿನ ಸನ್ನೆಯೇ ಸಾಕಿತ್ತು. ಮಣ್ಣಿನ ಮೈದಾನ ಕಲಿಸಿದ ವಿದ್ಯೆಯನ್ನು ಹಾಸಿನ ಮೇಲೂ ನಡೆಸಿ ತೋರಿಸಿದ ಕೆಲವೇ ಮಂದಿಯಲ್ಲಿ ಅವರೊಬ್ಬರು.

ನಾನು ಅವರನ್ನು ಕಣ್ಣಾರೆ ಕಂಡದ್ದು ಟೆಲಿವಿಷನ್ನಿನಲ್ಲಿ, 1982ರ ಡಿಸೆಂಬರಿನಲ್ಲಿ. ಆ ವರ್ಷ ಇಲ್ಲಿನ ಹಿರಿಯರಿಗೆ ಮರೆಯುವಂಥದಲ್ಲ. ಜನವರಿ 18ರಂದು ಆರಂಭವಾದ ಮುಷ್ಕರ, ಎರಡೂವರೆ ಲಕ್ಷದಷ್ಟು ಗಿರಣಿ ಕೆಲಸಗಾರರು ಹೊರಗೆ, ಹನ್ನೊಂದನೆಯ ತಿಂಗಳು. ಊರಿಗೆ ಹೋದವರು ಹೋಗಿದ್ದರು. ನನ್ನಂಥವರು ಮತ್ತೆ ಹೊಟೆಲಿಗೆ ಸೇರಿ ತಟ್ಟೆ ಎತ್ತುತ್ತಿದ್ದೆವು. ದಿಲ್ಲಿಯ ಏಷ್ಯನ್ ಕೂಟದ ಹಾಕಿಯ ಅಂತಿಮ ಪಂದ್ಯ ಪಾಕಿಸ್ತಾನದ ಮೇಲೆ. ನಾನು ಮಾಲಿಕರಲ್ಲಿ ಒಂದು ತಾಸಿನ ಬಿಡುವು ಕೇಳಿದೆ. ಸಿಗಲಿಲ್ಲ. ಕೇಳದೆ ಹೋದೆ. ಲಾಲಬಾಗಿನ ಒಂದು ಅಂಗಡಿಯ ಗಾಜಿನಾಚೆ ಬಣ್ಣದ ಟೆಲಿವಿಷನ್. ಈಚೆ ಮುಷ್ಕರದ ಜನ, ಹೊಟ್ಟೆಯಲ್ಲಿ ಏನೂ ಇಲ್ಲದವರು. ಮೊದಲ ಗೋಲು ನಮ್ಮದು. ಕುಣಿದೆವು. ಆಮೇಲೆ ಅವರು ಒಂದರ ಹಿಂದೊಂದು ಏಳು ಹೊಡೆದರು. 7-1. ಯಾರೂ ಮಾತನಾಡಲಿಲ್ಲ. ನನ್ನ ಪಕ್ಕದಲ್ಲಿದ್ದ ಒಬ್ಬ ಮುದುಕ ಜಾಬರ್ ಮಾತ್ರ, 'ಎಲ್ಲಾ ಒಟ್ಟಿಗೇ ಸೋಲಬೇಕೇನಪ್ಪಾ ಈ ವರ್ಷ' ಎಂದ. ಹಿಂತಿರುಗಿದಾಗ ನನ್ನ ಕೆಲಸ ಹೋಗಿತ್ತು. ಆ ಮಾಲಿಕರ ಹೆಸರು ಹೇಳುವುದಿಲ್ಲ, ಅವರೂ ಈಗಿಲ್ಲ.

ಮುಂದಿನ ಲೆಕ್ಕ ಓದಲು ಸಂತೋಷವಿಲ್ಲ. 1986ರ ಲಂಡನ್ನಿನ ವಿಶ್ವಕಪ್ಪಿನಲ್ಲಿ ಹನ್ನೆರಡು ತಂಡದಲ್ಲಿ ಹನ್ನೆರಡನೆಯವರು. ಅದೇ ವರ್ಷ ಸೋಲಿನಲ್ಲಿ, ಆ ಕೊರಿಯದ ಊರಿನಲ್ಲಿ, ಏಷ್ಯನ್ ಕೂಟದ ಕಂಚು. ಸರಕಾರ ಶಾಹಿದರಿಗೆ ಪದ್ಮಶ್ರೀ ಕೊಟ್ಟದ್ದೂ ಅದೇ ವರ್ಷ. 1988ರ ಒಲಿಂಪಿಕ್ಕಿಗೆ ಸೋಮಯ್ಯನವರು ನಾಯಕರು, ಶಾಹಿದರಿಗೆ ಮೂರನೆಯ ಒಲಿಂಪಿಕ್. ಕಾಶಿಯವರೇ ಆದ ವಿವೇಕ್ ಸಿಂಗ್ ಕೂಡ ಆ ತಂಡದಲ್ಲಿದ್ದರು; ಅವರ ತಮ್ಮ ರಾಹುಲ್ ಸಿಂಗ್ 1996ರಲ್ಲಿ ಅಟ್ಲಾಂಟಾಕ್ಕೆ ಹೋದರು. ಆರನೆಯ ಸ್ಥಾನ, ಏಳನೆಯದು, ಎಂಟನೆಯದು. 1998ರಲ್ಲಿ ಧನರಾಜ ಪಿಳ್ಳೆಯವರ ನಾಯಕತ್ವದಲ್ಲಿ ಬ್ಯಾಂಕಾಕಿನ ಏಷ್ಯನ್ ಚಿನ್ನ ಒಂದು ಮಿಂಚು, ಅಷ್ಟೆ. 2008ರ ಮಾರ್ಚಿನಲ್ಲಿ ಚಿಲಿ ದೇಶದ ಸ್ಯಾಂಟಿಯಾಗೋದಲ್ಲಿ ಬ್ರಿಟನ್ನಿಗೆ 2-0ಯಿಂದ ಸೋತು ಒಲಿಂಪಿಕ್ಕಿಗೇ ಹೋಗಲಾಗಲಿಲ್ಲ. 1928ರಿಂದ ಅಂಥದು ಆಗಿರಲಿಲ್ಲ. 2012ರಲ್ಲಿ ಹೋದೆವು, ಹನ್ನೆರಡರಲ್ಲಿ ಹನ್ನೆರಡನೆಯವರಾಗಿ ಬಂದೆವು. ನಮ್ಮ ಸೋಮವಾರಪೇಟೆಯ ಎಸ್. ವಿ. ಸುನಿಲ್, ಕೊಡಗಿನ ರಘುನಾಥ್ ಮೊದಲಾದವರು ಆ ಕಷ್ಟಕಾಲವನ್ನು ಬೆನ್ನಮೇಲೆ ಹೊತ್ತವರು. ಗೆದ್ದವರ ಹೆಸರು ಎಲ್ಲರೂ ಹೇಳುತ್ತಾರೆ, ಹೊತ್ತವರ ಹೆಸರನ್ನೂ ಒಂದು ಸಲ ಹೇಳಬೇಕು.

ಈಗ ಮತ್ತೆ ಕಾಶಿಗೆ ಬರೋಣ. ಶಾಹಿದ್ ಆಟ ಬಿಟ್ಟ ಮೇಲೆ ಎಲ್ಲಿದ್ದರು? ಕಾಶಿಯಲ್ಲೇ. ದಿಲ್ಲಿ ಮುಂಬಯಿ ಸೇರಲಿಲ್ಲ. ಅಲ್ಲಿನ ಡೀಸೆಲ್ ರೈಲು ಎಂಜಿನ್ನಿನ ಕಾರಖಾನೆಯಲ್ಲಿ ಕ್ರೀಡಾಧಿಕಾರಿಯಾಗಿದ್ದರು. 1956ರಲ್ಲಿ ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲಿಟ್ಟ, 1964ರ ಜನವರಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳು ಮೊದಲ ಎಂಜಿನ್ನನ್ನು ದೇಶಕ್ಕೆ ಒಪ್ಪಿಸಿದ ಕಾರಖಾನೆ ಅದು. 2020ರಿಂದ ಅದಕ್ಕೆ ಬನಾರಸ್ ಲೋಕೋಮೋಟಿವ್ ವರ್ಕ್ಸ್ ಎಂದು ಹೆಸರು. ಇದನ್ನು ನಾನು ಯಾಕೆ ಇಷ್ಟು ವಿವರಿಸುತ್ತೇನೆಂದರೆ, ನಮ್ಮ ದೇಶದಲ್ಲಿ ಹಾಕಿ ಉಳಿದದ್ದು ರೈಲ್ವೆ, ಪೊಲೀಸ್, ಸೇನೆ, ಏರ್ ಇಂಡಿಯಾ, ಪೆಟ್ರೋಲಿಯಂ ಕಂಪನಿಗಳು ಆಟಗಾರನಿಗೆ ಕೊಟ್ಟ ತಿಂಗಳ ಸಂಬಳದಿಂದ. ಪ್ರೇಕ್ಷಕರ ಚಪ್ಪಾಳೆಯಿಂದ ಯಾರ ಮನೆಯ ಒಲೆಯೂ ಉರಿಯುವುದಿಲ್ಲ.

ಶಾಹಿದ್ 2016ರ ಜುಲೈ 20ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಕಾಯಿಲೆಯಿಂದ ತೀರಿಕೊಂಡರು. 2025ರ ಸೆಪ್ಟೆಂಬರಿನಲ್ಲಿ ರಸ್ತೆ ಅಗಲ ಮಾಡುವ ಕೆಲಸದಲ್ಲಿ ಅವರ ಮನೆಯ ಒಂದು ಭಾಗವನ್ನು ಕೆಡವಿದರು. ರಸ್ತೆ ಬೇಕಾದದ್ದೇ ಇರಬಹುದು. ಆದರೂ ರಿಕ್ಷಾದವನು ಆ ಜಾಗ ತೋರಿಸಿ ಸುಮ್ಮನಾದಾಗ ನನಗೂ ಮಾತು ಹೊರಡಲಿಲ್ಲ.

ಅಲ್ಲಿಂದ ಅವನು ನನ್ನನ್ನು ಉದಯ ಪ್ರತಾಪ ಕಾಲೇಜಿನ ಕಡೆಗೆ ಕರೆದೊಯ್ದ. 1909ರಲ್ಲಿ ಭಿಂಗಾದ ರಾಜರು ಸ್ಥಾಪಿಸಿದ ಹಳೆಯ ವಿದ್ಯಾಸಂಸ್ಥೆ. ಅದರ ಮೈದಾನದಲ್ಲಿ ಪರಮಾನಂದ ಮಿಶ್ರ ಎಂಬ ಗುರುಗಳ ಕೈಯಲ್ಲಿ ಕಲಿತ ಹುಡುಗ ಲಲಿತ್ ಉಪಾಧ್ಯಾಯ. ಈತನ ಕಥೆ ನಮ್ಮ ಹುಡುಗರು ಕೇಳತಕ್ಕದ್ದು. 2008ರಲ್ಲಿ ಒಂದು ಟೆಲಿವಿಷನ್ ವಾಹಿನಿಯವರು ಹಾಕಿ ಆಡಳಿತದ ಲಂಚಗುಳಿತನವನ್ನು ಬಯಲಿಗೆಳೆಯಲು ಗುಟ್ಟಾಗಿ ಬಲೆ ಬೀಸಿದರು. 'ಈ ಹುಡುಗನನ್ನು ತಂಡಕ್ಕೆ ತೆಗೆದುಕೊಳ್ಳಿ' ಎಂದು ಹಣ ಚಾಚಲು ಅವರಿಗೊಂದು ಹೆಸರು ಬೇಕಿತ್ತು. ಈತನ ಹೆಸರು ಹೇಳಿದರು. ಮೀಸೆ ಮೂಡದ ಹುಡುಗ, ಅವನಿಗೆ ಇದರ ಗಾಳಿಯೂ ಗೊತ್ತಿಲ್ಲ. ಆಡಳಿತವೇನೋ ಉರುಳಿತು, ಆದರೆ ಹುಡುಗನ ಹೆಸರಿಗೂ ಮಸಿ ಮೆತ್ತಿತು, ತಂಡದ ಬಾಗಿಲು ಮುಚ್ಚಿತು. ಆಟವನ್ನೇ ಬಿಟ್ಟುಬಿಡುವ ಹಂತಕ್ಕೆ ಬಂದವನನ್ನು ಗುರುಗಳು ಹಿಡಿದು ನಿಲ್ಲಿಸಿದರು. ಧನರಾಜ ಪಿಳ್ಳೆಯವರು ಏರ್ ಇಂಡಿಯಾ ತಂಡದಲ್ಲಿ ಆಶ್ರಯ ಕೊಡಿಸಿದರು. 2014ರ ವಿಶ್ವಕಪ್ಪಿನಲ್ಲಿ ಆತ ದೇಶದ ಅಂಗಿ ತೊಟ್ಟ. ಮಾಡದ ತಪ್ಪಿಗೆ ಮಾತು ಕೇಳಿ ಕೆಲಸ ಕಳೆದುಕೊಂಡವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರೆಂದು ನನಗೆ ಗೊತ್ತು.

2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ, ನಲವತ್ತೊಂದು ವರ್ಷದ ಮೇಲೆ ನಾವು ಹಾಕಿಯಲ್ಲಿ ಒಲಿಂಪಿಕ್ ಪದಕ ಮುಟ್ಟಿದೆವು. ಲಲಿತ್ ಆ ತಂಡದಲ್ಲಿದ್ದ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕೂಟದ ಚಿನ್ನ, ಅಲ್ಲಿಯೂ ಇದ್ದ. ಇದಕ್ಕೆ 2018ರಿಂದ ಒಡಿಶಾ ಸರಕಾರ ತಂಡದ ಖರ್ಚಿಗೆ ನಿಂತದ್ದೂ ಒಂದು ಕಾರಣ. ಹೊಟ್ಟೆ ತುಂಬಿದವನ ಓಟವೇ ಬೇರೆ.

ಪ್ಯಾರಿಸಿನ ಒಂದು ಪಂದ್ಯವನ್ನು ಮಾತ್ರ ಬಿಡಿಸಿ ಹೇಳಿ ಮುಗಿಸುತ್ತೇನೆ. 2024ರ ಆಗಸ್ಟ್ 4, ಬ್ರಿಟನ್ನಿನ ಮೇಲೆ ಕ್ವಾರ್ಟರ್ ಫೈನಲ್. ಈಗ ಆಟ ಹದಿನೈದು ನಿಮಿಷದ ನಾಲ್ಕು ಭಾಗ. ಎರಡನೆಯ ಭಾಗದ ಆರಂಭದಲ್ಲೇ ನಮ್ಮ ಅಮಿತ್ ರೋಹಿದಾಸನಿಗೆ ಕೆಂಪು ಚೀಟಿ ತೋರಿಸಿ ಹೊರಗೆ ಕಳಿಸಿದರು. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹನ್ನೊಂದು ಜನರ ಎದುರಿಗೆ ಹತ್ತು ಜನ. ಹೊಟೆಲಿನಲ್ಲಿ ಊಟದ ಹೊತ್ತಿಗೆ ಒಬ್ಬ ಸಪ್ಲೈಯರ್ ಬಾರದಿದ್ದರೆ ಏನಾಗುತ್ತದೆಂದು ತಾವು ಬಲ್ಲಿರಿ: ಉಳಿದವರ ಕಾಲಿಗೆ ಬಿಡುವಿಲ್ಲ, ಆದರೂ ಗಿರಾಕಿಗೆ ತಿಳಿಯಕೂಡದು. ಹಾಗೆ ಆಡಿದರು. ಗೋಲಿನ ಮುಂದೆ ಶ್ರೀಜೇಶ್ ಗೋಡೆಯಂತೆ ನಿಂತ. ಕಡೆಗೆ 1-1. ಶೂಟೌಟು. ನಾಯಕ ಹರ್ಮನ್‌ಪ್ರೀತ್ ಹೊಡೆದ, ಸುಖಜೀತ್ ಹೊಡೆದ, ಮೂರನೆಯವನಾಗಿ ಕಾಶಿಯ ಲಲಿತ್ ಹೊಡೆದ. ನಾಲ್ಕನೆಯದು, ಪಂದ್ಯ ಮುಗಿಸಿದ ಹೊಡೆತ, ರಾಜಕುಮಾರ್ ಪಾಲನದು. ಈತ ಕಾಶಿಯ ಪಕ್ಕದ ಗಾಜೀಪುರ ಜಿಲ್ಲೆಯ ಕರಮ್‌ಪುರ ಎಂಬ ಹಳ್ಳಿಯವ. ನಾಲ್ಕರಲ್ಲಿ ಎರಡು ಹೊಡೆತ ಆ ಒಂದು ಮೂಲೆಯ ಹುಡುಗರದು! ನಾಲ್ಕು ದಿನದ ಮೇಲೆ ಸ್ಪೇನನ್ನು 2-1ರಿಂದ ಸೋಲಿಸಿ ಮತ್ತೆ ಕಂಚು. ಒಲಿಂಪಿಕ್ ಹಾಕಿಯಲ್ಲಿ ನಮಗೆ ಇಂದಿಗೆ ಎಂಟು ಚಿನ್ನ, ಒಂದು ಬೆಳ್ಳಿ, ನಾಲ್ಕು ಕಂಚು. ಲಲಿತ್ 2025ರ ಜೂನಿನಲ್ಲಿ ಅಂತಾರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದ.

ಒಂದು ಊರಿನಲ್ಲಿ ಆಟ ಹೀಗೆ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು ನಮ್ಮವರಿಗೆ ಹೊಸದಲ್ಲ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಅರವತ್ತು ಮನೆತನಗಳನ್ನು ಕೂಡಿಸಿ ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬಕ್ಕೆ 2024ರಲ್ಲಿ ಮುನ್ನೂರರವತ್ತು ಮನೆತನಗಳು ಬಂದವು. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುತ್ತಾರೆ. ಅವರಿಗೆ ಮನೆತನವಿದೆ, ಮೈದಾನವಿದೆ. ಕಾಶಿಯ ಹುಡುಗರಿಗೆ ಕಾಲೇಜಿನ ಅಂಗಳ, ಒಬ್ಬ ಗುರು. ನಮ್ಮ ಹೊಟೆಲಿನ ಹುಡುಗನಿಗೆ ಏನಿದೆ? ಮಧ್ಯಾಹ್ನ ಮೂರರಿಂದ ಐದರವರೆಗಿನ ಬಿಡುವು, ಅದೂ ಕೆಲವು ಕಡೆ.

ಇಂದು ಸಭೆಯಲ್ಲಿ ಹೊಟೆಲು ಮಾಲಿಕರೂ ಕೆಲವರು ಕುಳಿತಿದ್ದಾರೆ. ಅವರೂ ಒಂದು ಕಾಲಕ್ಕೆ ನನ್ನ ಜೊತೆ ಇದೇ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸಿದವರೇ. ಅವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ವಾರಕ್ಕೊಂದು ದಿನ, ಎರಡು ತಾಸು, ಆಡುವ ಹುಡುಗರನ್ನು ಸಂಬಳ ಕತ್ತರಿಸದೆ ಬಿಡಿ. ಕಾರ್ಯಕಾರಿ ಸಮಿತಿಯಲ್ಲಿ ಕ್ರೀಡಾನಿಧಿಯನ್ನು ಸಭಾಭವನದ ಬಣ್ಣಕ್ಕೆ ಬಳಸಬೇಕೆಂಬ ಮಾತು ನಡೆದಿದೆಯೆಂದು ಕೇಳಿದ್ದೇನೆ. ನನಗೆ ಮತವಿದ್ದರೆ ವಿರುದ್ಧ ಹಾಕುತ್ತೇನೆ. ಬಣ್ಣ ಮುಂದಿನ ವರ್ಷವೂ ಬಳಿಯಬಹುದು. ಹದಿನಾರರ ಹುಡುಗ ಮುಂದಿನ ವರ್ಷ ಹದಿನೇಳಾಗಿರುತ್ತಾನೆ.

ಕಾಶಿಯಿಂದ ನಾನು ಗಂಗಾಜಲದ ಜೊತೆಗೆ ಆರು ದಾಂಡು ತಂದಿದ್ದೇನೆ. ರೈಲಿನಲ್ಲಿ ಟಿ.ಸಿ. ಅವನ್ನು ನೋಡಿ, 'ಈ ವಯಸ್ಸಿನಲ್ಲಿ ಯಾರಿಗೆ ಹೊಡೆಯುತ್ತೀರಿ?' ಎಂದು ನಕ್ಕ. ಅವು ಕಚೇರಿಯ ಕಪಾಟಿನಲ್ಲಿವೆ, ಬೀಗದ ಕೈ ಕಾರ್ಯದರ್ಶಿಗಳ ಹತ್ತಿರ. ರಗ್ಬಿ ಬೇಕೆನ್ನುವವರು ಚೆಂಡೊಂದನ್ನು ತನ್ನಿ, ಅದೇ ಮೈದಾನದ ಇನ್ನೊಂದು ಬದಿ ನಿಮಗೆ. ಬರುವ ರವಿವಾರ ಬೆಳಿಗ್ಗೆ ಆರಕ್ಕೆ ನಾನು ಅಲ್ಲಿರುತ್ತೇನೆ. ಓಡಲಾರೆ, ಸೀಟಿ ಊದುತ್ತೇನೆ.